ಟಿಬೆಟಿನ ಗುಳಿಗೆ, ಕ್ಯಾನ್ಸರಿನ ಭರವಸೆ

ಟಿಬೆಟಿನ ವೈದ್ಯಪದ್ಧತಿ ಸೋವಾ ರಿಗ್ಪಾ ಕ್ಯಾನ್ಸರನ್ನು ಗುಣಪಡಿಸಬಲ್ಲದೇ? ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ ಚಿಕಿತ್ಸಾಲಯಗಳು ನಮ್ಮ ನಡುವೆಯೇ ಇರುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ. ಹೊಸ ಔಷಧಗಳನ್ನು ಹುಡುಕುವವರಿಗೆ ಈ ಪದ್ಧತಿ ದೊಡ್ಡ ಖಜಾನೆ. ರೋಗಿ ಅದೊಂದನ್ನೇ ನೆಚ್ಚಿಕೊಳ್ಳಲು ಮಾತ್ರ ಆಧಾರ ಸಾಲದು.

ಖಜಾನೆ ಎನ್ನುವುದಕ್ಕೆ ಒಂದು ಗಿಡವೇ ಸಾಕ್ಷಿ. ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಬೆಳೆಯುವ, ಕೆಂಪು ಹಣ್ಣು ಬಿಡುವ ಪೊಡೊಫೈಲಮ್ ಅದು. ಟಿಬೆಟನ್ನರು ಇದನ್ನು ಓಲ್ಮೋಸೆ ಎನ್ನುತ್ತಾರೆ, ಹೆಂಗಸರ ಕಾಯಿಲೆಗಳಿಗೆ ಬಳಸುತ್ತಾರೆ. ಇದರ ಬೇರಿನಲ್ಲಿರುವ ಪೊಡೊಫೈಲೊಟಾಕ್ಸಿನ್ ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಆದರೆ ಅದು ಹಾಗೆಯೇ ದೇಹದೊಳಗೆ ಕೊಡಲಾಗದಷ್ಟು ವಿಷಕಾರಿ. ರಸಾಯನಶಾಸ್ತ್ರಜ್ಞರು ಅದರ ರಚನೆಯನ್ನು ತಿದ್ದಿ ಎಟೊಪೊಸೈಡ್ ರೂಪಿಸಿದರು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ವೃಷಣದ ಕ್ಯಾನ್ಸರಿಗೆ, ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಗಿಡದ ಗುಣವನ್ನು ಬಲ್ಲವರು ಹಳಬರು. ಪ್ರಮಾಣ ಅಳೆದು, ವಿಷ ತಗ್ಗಿಸಿ, ರೋಗಿಗಳ ಮೇಲೆ ಪರೀಕ್ಷಿಸಿದ್ದು ಪ್ರಯೋಗಾಲಯ. ಈ ಎರಡನೆಯ ದುಡಿಮೆಯಿಲ್ಲದೆ ಗಿಡ ಮದ್ದಾಗುತ್ತಿರಲಿಲ್ಲ.

ಇನ್ನು ಚಿಕಿತ್ಸೆಯ ಮಾತಿಗೆ ಬಂದರೆ, ಟಿಬೆಟನ್ ವೈದ್ಯರ ಮೂಲಗ್ರಂಥ ಗ್ಯೂಶಿ ಗಡ್ಡೆಗಳನ್ನು ವಿವರಿಸುತ್ತದೆ. ಲುಂಗ್, ತ್ರಿಪಾ, ಬೇಕನ್ ಎಂಬ ಮೂರರ ಏರುಪೇರೇ ಕಾಯಿಲೆಗೆ ಕಾರಣವೆನ್ನುತ್ತದೆ. ಆಯುರ್ವೇದದ ವಾತ, ಪಿತ್ತ, ಕಫ ಬಲ್ಲವರಿಗೆ ಇದು ಪರಿಚಿತವೇ. ನಾಡಿ ಹಿಡಿದು, ಮೂತ್ರ ನೋಡಿ, ರೋಗಿಯ ಮಾತನ್ನು ಸಾವಧಾನವಾಗಿ ಕೇಳುವ ಆ ವೈದ್ಯರ ರೀತಿಯನ್ನು ನಮ್ಮ ಆಸ್ಪತ್ರೆಗಳು ಕಲಿಯಬೇಕು. ಆದರೆ ಸಮಾಧಾನ ಬೇರೆ, ಗಡ್ಡೆ ಕರಗುವುದು ಬೇರೆ. ದಲೈ ಲಾಮಾ ಅವರ ವೈದ್ಯರಾಗಿದ್ದ ಯೇಶಿ ಧೊಂಡೆನ್ ಅವರ ಮದ್ದನ್ನು ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಹರಡಿದ ಸ್ತನ ಕ್ಯಾನ್ಸರಿನ ಕೆಲವೇ ಮಹಿಳೆಯರಲ್ಲಿ ಪರೀಕ್ಷಿಸಿತು. ಅಷ್ಟು ಚಿಕ್ಕ ಪ್ರಯೋಗದಿಂದ ಗುಣವಾಗುತ್ತದೆ ಎಂದು ಸಾಧಿಸಲಾಗದು. ಕೆಲವು 'ರತ್ನಗುಳಿಗೆ'ಗಳಲ್ಲಿ ಶುದ್ಧೀಕರಿಸಿದ ಪಾದರಸವೂ ಇರುತ್ತದೆ. ಕೀಮೊದಿಂದ ಬಳಲಿದ ಮೂತ್ರಪಿಂಡಕ್ಕೆ ಅದು ಸಣ್ಣ ವಿಷಯವಲ್ಲ.

ಭಾರತ ಸರ್ಕಾರ 2010ರಲ್ಲಿ ಸೋವಾ ರಿಗ್ಪಾಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಮಾನ್ಯತೆಯ ಜೊತೆಗೆ ಹೊಣೆಯೂ ಬರಬೇಕು: ಯಾವ ರೋಗಿಗೆ ಏನು ಕೊಟ್ಟರು, ಎಷ್ಟು ಕಾಲ ಬದುಕಿದರು ಎಂಬ ದಾಖಲೆ, ದೊಡ್ಡ ಪ್ರಯೋಗಗಳು.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಗುಳಿಗೆ ತಂದಿದ್ದರೆ ಆ ಪೊಟ್ಟಣವನ್ನು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಅದನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ, ಕೀಮೊವನ್ನು ಅರ್ಧಕ್ಕೆ ಬಿಡಬೇಡಿ.