ಕೊನೆಯ ಎಣ್ಣೆಯಲ್ಲ

"ಸ್ವಾಮಿಗಳನ್ನ ಯಾಕೆ ಕರೆಸ್ದೆ? ಎಲ್ಲಾ ಮುಗೀತಾ?"

ಅಪ್ಪ ಹಾಗೆ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಎರಡೂ ಮೂತ್ರಪಿಂಡಗಳು ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದ್ದ ದಿನಗಳು ಅವು. ಫಾದರ್ ಜೇಬಿನಿಂದ ಎಣ್ಣೆಯ ಪುಟ್ಟ ಡಬ್ಬಿ ತೆಗೆದದ್ದೇ ತಡ, ಅಪ್ಪನ ಮುಖ ಕಪ್ಪಿಟ್ಟಿತು. ಅವರ ತಲೆಮಾರಿನ ಕಥೋಲಿಕರಿಗೆ ಆ ಎಣ್ಣೆ ಎಂದರೆ ಸಾಯುವವರಿಗೆ ಹಚ್ಚುವ ಎಣ್ಣೆ. ಅದು ಮನೆಗೆ ಬಂತೆಂದರೆ ನೆಂಟರಿಗೆ ಹೇಳಿಕಳಿಸುವ ಹೊತ್ತು ಬಂತೆಂದೇ ಲೆಕ್ಕ.

ಹೆತ್ತವರು ಹಾಸಿಗೆ ಹಿಡಿದಾಗ ಕ್ರೈಸ್ತ ವಿಶ್ವಾಸ ಮಕ್ಕಳಿಗೆ ಯಾವ ಸಾಂತ್ವನ ಕೊಡುತ್ತದೆ ಎಂಬ ಪ್ರಶ್ನೆಗೆ ಪ್ರವಚನಗಳಲ್ಲಿ ಬೇಕಾದಷ್ಟು ಉತ್ತರಗಳಿವೆ. ನಾನು ಉತ್ತರ ಹುಡುಕಿದ್ದು ಆ ಡಬ್ಬಿಯಲ್ಲಿ. 'ರೋಗಿಗಳ ಅಭ್ಯಂಗ' ಎಂಬ ಈ ಸಂಸ್ಕಾರವನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಅಳತೆಗೋಲು: ಇದು ನಮ್ಮನ್ನು ರೋಗಿಯ ಹಾಸಿಗೆಯ ಹತ್ತಿರಕ್ಕೆ ತರುತ್ತದೆಯೋ, ಅಲ್ಲಿಂದ ದೂರ ಒಯ್ಯುತ್ತದೆಯೋ?

ಅಪ್ಪನ ಭಯಕ್ಕೆ ಶತಮಾನಗಳ ಬೇರಿದೆ. ಯಕೋಬನ ಪತ್ರದ ಐದನೆಯ ಅಧ್ಯಾಯ ಹೇಳುವುದು ಕಾಯಿಲೆ ಬಿದ್ದವರ ವಿಷಯ. ಅವರು ಸಭೆಯ ಹಿರಿಯರನ್ನು ಕರೆಸಬೇಕು, ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಎಂದು. ಸಾವಿನ ಮಾತು ಅಲ್ಲಿಲ್ಲ. ಮಧ್ಯಯುಗದಲ್ಲಿ ಈ ಎಣ್ಣೆ ಮೆಲ್ಲಮೆಲ್ಲನೆ ಮರಣಶಯ್ಯೆಗೆ ಸರಿಯಿತು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ, ಸಾವಿನ ಭಯವಿರುವ ರೋಗಿಗಳಿಗೆ ಮಾತ್ರ ಇದನ್ನು ಕೊಡಬೇಕೆಂದು ವಿಧಿಸಿತು. ಅಂತ್ಯಾಭ್ಯಂಗ ಎಂಬ ಹೆಸರೇ ಗಟ್ಟಿಯಾಯಿತು. ಕಣ್ಣು, ಕಿವಿ, ಮೂಗು, ಬಾಯಿ, ಕೈ, ಕಾಲುಗಳಿಗೆ ಎಣ್ಣೆ ಹಚ್ಚುತ್ತಾ, ಆಯಾ ಇಂದ್ರಿಯದಿಂದಾದ ಪಾಪಗಳಿಗೆ ಕ್ಷಮೆ ಬೇಡುವ ವಿಧಿ ಅದಾಯಿತು. ಲೆಕ್ಕ ಚುಕ್ತಾ ಮಾಡುವ ಆ ಹೊತ್ತನ್ನು ಜನ ಹೆದರಿಕೆಯಿಂದ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ತಿದ್ದಿತು. ಇದು ಸಾವಿನಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲ, ರೋಗಿಗಳ ಅಭ್ಯಂಗ ಎಂಬ ಹೆಸರೇ ಇದಕ್ಕೆ ಹೆಚ್ಚು ಒಪ್ಪುತ್ತದೆ ಎಂದಿತು. 1972ರಲ್ಲಿ ಪೋಪ್ ಆರನೇ ಪೌಲ್ ವಿಧಿಯನ್ನೇ ಹೊಸದಾಗಿಸಿದರು. ಈಗ ಎಣ್ಣೆ ಹಣೆಗೆ ಮತ್ತು ಕೈಗಳಿಗೆ. ಆಲಿವ್ ಎಣ್ಣೆ ಸಿಗದ ನಾಡುಗಳಲ್ಲಿ ಬೇರೆ ಸಸ್ಯದ ಎಣ್ಣೆಯೂ ಆಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಪಡೆಯಬಹುದು, ಇಳಿವಯಸ್ಸಿನಲ್ಲಿ ಮೈ ಸೋತಾಗ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಸಾಯುವವರಿಗೆಂದು ಧರ್ಮಸಭೆ ಇಟ್ಟಿರುವುದು ಪರಮಪ್ರಸಾದವನ್ನು. ಅದಕ್ಕಿರುವ ಲ್ಯಾಟಿನ್ ಹೆಸರಿನ ಅರ್ಥ ನಮ್ಮ ದಾರಿಬುತ್ತಿಯೇ.

ಫಾದರ್ ಇದನ್ನೆಲ್ಲ ಅಪ್ಪನಿಗೆ ಎರಡೇ ಮಾತಿನಲ್ಲಿ ಹೇಳಿದರು. "ಕಾಯಿಲೆಗೆ ಹಚ್ಚೋ ಎಣ್ಣೆ ಕಣಪ್ಪಾ ಇದು, ಸಾವಿಗಲ್ಲ." ಆಮೇಲೆ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ವಿಧಿಯಲ್ಲಿಯೇ ಆ ಮೌನವಿದೆ. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಹಣೆಗೆ ಹಚ್ಚಿ, ಅಂಗೈ ಚಾಚಲು ಹೇಳಿದರು. ಅಪ್ಪ ಬಡಗಿ. ನಲವತ್ತು ವರ್ಷ ಉಳಿ, ಬಾಚಿ ಹಿಡಿದು ಜಡ್ಡುಗಟ್ಟಿದ ಅಂಗೈ. ಮುಂಗೈ ಮೇಲೆ ಡಯಾಲಿಸಿಸ್ ಸೂಜಿಯ ಕಪ್ಪು ಗುರುತುಗಳು. ಆ ಅಂಗೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು. ತಿಂಗಳುಗಟ್ಟಲೆ ನಾನು ನೋಡಿದ್ದು ಕ್ರಿಯಾಟಿನಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು ಎಂಬ ರಿಪೋರ್ಟುಗಳನ್ನು, ನೀರಿನ ಲೋಟದ ಅಳತೆಯನ್ನು. ಅಂದು ಮೊದಲ ಸಲ ಅಪ್ಪನನ್ನು ನೋಡಿದೆ. ಫಾದರ್ ಹೋದ ಮೇಲೆ, ಎಣ್ಣೆಯ ಪಸೆ ಇನ್ನೂ ಆರದಿದ್ದ ಆ ಕೈಯನ್ನು ಹಿಡಿದುಕೊಂಡು ಕೂತೆ. "ಹೆದರ್ಕೊಂಡ್ಬಿಟ್ಟಿದ್ದೆ ಕಣೋ" ಅಂದರು ಅಪ್ಪ. ಕಾಯಿಲೆ ಬಂದಂದಿನಿಂದ ಇಬ್ಬರೂ ಬಾಯಿಬಿಟ್ಟು ಆಡದಿದ್ದ ಮಾತು ಅದು.

ಈ ಸಂಸ್ಕಾರದ ಹಿರಿಮೆ ನನಗೆ ಕಂಡದ್ದು ಇಲ್ಲಿಯೇ. ವಿವರಣೆ ಕೊಡುವುದಕ್ಕೆ ಮುಂಚೆ ಅದು ಮೈ ಮುಟ್ಟುತ್ತದೆ. ಯಕೋಬನ ಪತ್ರದಲ್ಲಿ, ಪ್ರಭು ರೋಗಿಯನ್ನು ಎಬ್ಬಿಸುವನು ಎಂಬಲ್ಲಿ ಬರುವ ಗ್ರೀಕ್ ಕ್ರಿಯಾಪದವೇ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಪುನರುತ್ಥಾನಕ್ಕೂ ಬಳಕೆಯಾಗಿದೆ. ನಮ್ಮ 'ಎಬ್ಬಿಸು' ಕೂಡ ಹಾಗೆಯೇ: ಹಾಸಿಗೆಯಿಂದಲೂ ಎಬ್ಬಿಸಬಹುದು, ಸಾವಿನಿಂದಲೂ ಎಬ್ಬಿಸಬಹುದು. ಎರಡರಲ್ಲಿ ಯಾವುದು ಎಂದು ಆ ಪತ್ರ ಬಿಡಿಸಿ ಹೇಳುವುದಿಲ್ಲ. ಗುಣವಾಗುವ ಆಸೆಯನ್ನೂ ಆಗದಿರಬಹುದೆಂಬ ಅರಿವನ್ನೂ ಒಂದೇ ಪ್ರಾರ್ಥನೆಯಲ್ಲಿ ಹಿಡಿಯಲು ಇದರಿಂದ ಸಾಧ್ಯವಾಗುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತ ಮಗನಿಗೆ ಬೇಕಾದ ಪ್ರಾರ್ಥನೆ ಇಂಥದ್ದು.

ಇದರ ಪಕ್ಕದಲ್ಲಿ, ಅದೇ ದಿನಗಳಲ್ಲಿ ನಮಗೆ ಸಿಕ್ಕ ಇನ್ನೊಂದು ಬಗೆಯ ಸಾಂತ್ವನವನ್ನಿಟ್ಟು ನೋಡಬೇಕು. ಪ್ರಾರ್ಥನಾ ಕೂಟವೊಂದರಿಂದ ಬಂದವರು ಅಪ್ಪನೆದುರೇ ಹೇಳಿದರು: "ವಿಶ್ವಾಸ ಗಟ್ಟಿ ಇದ್ರೆ ಡಯಾಲಿಸಿಸ್ಸೇ ಬೇಡ." ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಹೋದ ರಾತ್ರಿ ಅಪ್ಪ ನಿದ್ದೆ ಮಾಡಲಿಲ್ಲ. ತನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಎಂದು ಕೊರಗಿದರು. ಕಾಯಿಲೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವ ಈ ಮಾತಿಗೆ ಬೈಬಲ್ಲಿನ ಬೆಂಬಲವಿಲ್ಲ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ತಪ್ಪಿದ್ದು ಬಾಯಿ ತೆರೆದು ಕಾರಣ ಹೇಳತೊಡಗಿದಾಗ. ಗೆತ್ಸೆಮನಿಯಲ್ಲಿ ಯೇಸು ತನ್ನಿಂದ ಪಾತ್ರೆ ತೊಲಗಲೆಂದು ಬೇಡಿದ, ಅದು ತೊಲಗಲಿಲ್ಲ. ಅವನ ವಿಶ್ವಾಸ ಕಡಿಮೆಯಾಗಿತ್ತೆಂದು ಯಾರಾದರೂ ಹೇಳುತ್ತಾರೆಯೆ? 88ನೆಯ ಕೀರ್ತನೆ ಬೆಳಕಿನ ಒಂದು ಗೆರೆಯೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ ಎಂದು ಧರ್ಮಸಭೆ ಉಳಿಸಿಕೊಂಡಿದೆ. ಅಪ್ಪನಿಗೆ ನಿದ್ದೆ ಬಾರದ ರಾತ್ರಿಗಳಲ್ಲಿ ನನಗೆ ಆಸರೆಯಾದದ್ದು ಆ ಕೀರ್ತನೆ.

ಅಭ್ಯಂಗದ ಆಚರಣೆಯಲ್ಲಿ ಕೊರತೆಗಳಿಲ್ಲವೆಂದಲ್ಲ. 1963ರಲ್ಲಿ ಹೆಸರು ಬದಲಾದರೂ ನಮ್ಮ ಮನೆಗಳಲ್ಲಿ ಭಯ ಬದಲಾಗಿಲ್ಲ. ಪ್ರಜ್ಞೆ ತಪ್ಪಿದ ಮೇಲೆಯೇ ಫಾದರನ್ನು ಕರೆಸುತ್ತೇವೆ. ರೋಗಿ 'ಆಮೆನ್' ಅನ್ನಲಾರದ ಹೊತ್ತಿಗೆ ಎಣ್ಣೆ ಬರುತ್ತದೆ. ಇದಕ್ಕೆ ಮನೆಯವರಷ್ಟೇ ಧರ್ಮಕೇಂದ್ರಗಳೂ ಹೊಣೆ. ಫೆಬ್ರವರಿ 11ರ ರೋಗಿಗಳ ದಿನದಂದು ಒಂದು ಪೂಜೆ ಇಟ್ಟರೆ ಸಾಲದು, ಉಳಿದ ದಿನಗಳಲ್ಲೂ ಇದನ್ನು ಕಲಿಸಬೇಕು.

ಎರಡನೆಯದು, ಶುಶ್ರೂಷೆ ಮಾಡುವವರ ಪಾಲು. ಅವರಿಗಾಗಿ ವಿಧಿಯಲ್ಲಿ ಬೇಡಿಕೆಯೊಂದಿದೆ. ಅದು ಬಿಟ್ಟರೆ ಹೆಂಡತಿ ಮಕ್ಕಳು ಗೋಡೆಗೊರಗಿ ನಿಂತ ಪ್ರೇಕ್ಷಕರು. ಮೊದಲು ಹೀಗಿರಲಿಲ್ಲ. ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ಎಣ್ಣೆಯನ್ನು ಗುರುಗಳಷ್ಟೇ ಅಲ್ಲ, ಎಲ್ಲ ಕ್ರೈಸ್ತರೂ ತಮಗೂ ತಮ್ಮವರಿಗೂ ಹಚ್ಚಬಹುದೆಂದು 416ರಲ್ಲಿ ಪೋಪ್ ಒಂದನೇ ಇನ್ನೊಸೆಂಟ್ ಬರೆದಿದ್ದರು. ಈಗ ಸಂಸ್ಕಾರ ಕೊಡುವ ಅಧಿಕಾರ ಗುರುಗಳದ್ದು ಮಾತ್ರ. ಆ ನಿಯಮ ಹಾಗೇ ಇರಲಿ. ಆದರೆ ಗುರುಗಳು ಕೈಯಿಟ್ಟ ಮೇಲೆ ಮಗಳೂ ಮೊಮ್ಮಗನೂ ಆ ತಲೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲಲಿ. ಹಾಗೆ ನಿಂತರೆ ಸಂಸ್ಕಾರಕ್ಕೆ ಯಾವ ಕುಂದೂ ಬರುವುದಿಲ್ಲ.

ಇಷ್ಟಾಗಿಯೂ ನನ್ನ ತೀರ್ಮಾನ ಸ್ಪಷ್ಟ. ಕಾಯಿಲೆಯ ಮನೆಯಲ್ಲಿ ಕ್ರೈಸ್ತ ವಿಶ್ವಾಸ ಕೊಡಬಲ್ಲ ಸಾಂತ್ವನಗಳಲ್ಲಿ ಈ ಎಣ್ಣೆ ಅತ್ಯಂತ ಪ್ರಾಮಾಣಿಕವಾದುದು. ಅಪ್ಪ ಆಮೇಲೆ ಹನ್ನೊಂದು ತಿಂಗಳು ಬದುಕಿದರು. ಡಯಾಲಿಸಿಸ್ ನಿಲ್ಲಲಿಲ್ಲ, ಮೂತ್ರಪಿಂಡ ಗುಣವಾಗಲಿಲ್ಲ. ಆದರೆ ಆ ಹನ್ನೊಂದು ತಿಂಗಳು ನಾವಿಬ್ಬರೂ ಒಬ್ಬರಿಂದೊಬ್ಬರು ಏನನ್ನೂ ಬಚ್ಚಿಡಲಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಅವರಿಗೆ ಮಾತಾಡುವ ಶಕ್ತಿಯಿರುವಾಗಲೇ ಫಾದರನ್ನು ಕರೆಸಿ. ಯಾಕೆ ಕರೆಸಿದೆ ಎಂದು ಅವರು ಕೇಳಲಿ. ಪಕ್ಕದಲ್ಲಿ ಕೂತು ಉತ್ತರ ಹೇಳಿ.