ಸೈಕಲ್ಲಿನ ನಗೆಯಲ್ಲಿ ಮರೆತ ಕೊಲೆ

ಫ್ಲಾನ್ ಓ'ಬ್ರಿಯನ್‌ನ 'ದಿ ಥರ್ಡ್ ಪೊಲೀಸ್‌ಮನ್' ಬಗ್ಗೆ ಮಾತು ಶುರುವಾದರೆ ಸೈಕಲ್ ಬಂದೇ ಬರುತ್ತದೆ. ಸವಾರನ ಪರಮಾಣುಗಳು ಸೈಕಲ್ಲಿಗೂ, ಸೈಕಲ್ಲಿನವು ಸವಾರನಿಗೂ ಸೇರಿಹೋಗುತ್ತವೆ ಎನ್ನುವ ಸಾರ್ಜೆಂಟ್ ಪ್ಲಕ್‌ನ ಸಿದ್ಧಾಂತ ಎಲ್ಲರಿಗೂ ಗೊತ್ತು. 1940ರಲ್ಲಿ ಪ್ರಕಾಶಕರು ತಿರಸ್ಕರಿಸಿದ ಈ ಕಾದಂಬರಿ ಲೇಖಕ ತೀರಿಕೊಂಡ ಮರುವರ್ಷ, 1967ರಲ್ಲಿ ಅಚ್ಚಾಯಿತು. ಅಂದಿನಿಂದ ಅಸಂಗತ ಹಾಸ್ಯದ ಮೇರುಕೃತಿ, ಪೋಸ್ಟ್‌ಮಾಡರ್ನ್ ಆಟಗಳ ಮುಂಗಾಣ್ಕೆ ಎಂಬ ಖ್ಯಾತಿ ಅಂಟಿಕೊಂಡಿದೆ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಅಷ್ಟಕ್ಕೇ ನಿಲ್ಲುವ ಮೆಚ್ಚುಗೆ ಕಾದಂಬರಿಯ ಹಲ್ಲು ಕಿತ್ತುಬಿಟ್ಟಿದೆ ಎಂಬುದು ನನ್ನ ತಕರಾರು.

ಇದು ಮೊದಲಿಗೆ ಕೊಲೆಯ ಕಥೆ. ನಿರೂಪಕ ಮೊದಲ ವಾಕ್ಯದಲ್ಲೇ ಅದನ್ನು ಒಪ್ಪಿಕೊಳ್ಳುತ್ತಾನೆ. ಮುದುಕ ಮ್ಯಾಥರ್ಸ್‌ನ ಕುತ್ತಿಗೆಗೆ ಮೊದಲ ಏಟು ಹಾಕುವವನು ನಿರೂಪಕನ ಜೊತೆಗಾರ ಡಿವ್ನಿ. ಆಯುಧ, ಟೊಳ್ಳು ಕಬ್ಬಿಣದ ಸರಳಿನಿಂದ ತಾನೇ ಮಾಡಿಕೊಂಡ ಸೈಕಲ್ ಪಂಪ್. ಆಮೇಲೆ ನಿರೂಪಕ ಸಲಿಕೆ ಹಿಡಿದು ಕೈ ಸೋಲುವವರೆಗೆ ಬಡಿಯುತ್ತಾನೆ. ನಾವು ನಗುವ ಸೈಕಲ್ಲು ಕಾದಂಬರಿಯೊಳಗೆ ಬರುವುದೇ ಹೀಗೆ, ರಕ್ತದ ಜೊತೆಗೆ.

ಕೊಂದದ್ದು ಯಾಕೆ? ಡಿ ಸೆಲ್ಬಿ ಎಂಬ ವಿಚಿತ್ರ ಪಂಡಿತನ ಬಗ್ಗೆ ತಾನು ಬರೆದ ಗ್ರಂಥ ಅಚ್ಚುಹಾಕಿಸಲು ಹಣ ಬೇಕಿತ್ತು! ವಿಮರ್ಶಕರು ಜಾರಿಸಿಬಿಡುವ ಸಂಗತಿ ಇದೇ. ಕಾದಂಬರಿಯಲ್ಲಿ ಡಿ ಸೆಲ್ಬಿಯ ಬಗ್ಗೆ ಬರುವ ಅಡಿಟಿಪ್ಪಣಿಗಳು ಪಾಂಡಿತ್ಯದ ಅಣಕ ಎನ್ನುತ್ತಾರೆ. ಹೌದು, ರಾತ್ರಿಯೆಂದರೆ ಕಪ್ಪು ಗಾಳಿಯ ಶೇಖರಣೆ ಎಂದು ಡಿ ಸೆಲ್ಬಿ ವಾದಿಸುವಾಗ ನಗು ತಡೆಯುವುದಿಲ್ಲ. ಆದರೆ ಆ ಟಿಪ್ಪಣಿಗಳನ್ನು ಬರೆಯುತ್ತಿರುವವನು ಕೊಲೆಗಾರ. ಅವುಗಳಲ್ಲಿರುವುದು ಕೊಲೆಯ ಉದ್ದೇಶ. ಅವನಿಗೆ ತನ್ನ ಹೆಸರೇ ಮರೆತಿದೆ, ತಾನು ಸತ್ತದ್ದೂ ಗೊತ್ತಿಲ್ಲ, ಡಿ ಸೆಲ್ಬಿಯ ವ್ಯಾಖ್ಯಾನಕಾರರ ಜಗಳ ಮಾತ್ರ ಚೂರೂ ಮರೆತಿಲ್ಲ. ಕೊನೆಯ ಅಧ್ಯಾಯಗಳಲ್ಲಿ ಟಿಪ್ಪಣಿಯೊಂದು ಪುಟಗಟ್ಟಲೆ ಬೆಳೆದು ಕಥೆಯನ್ನೇ ಮೇಲಕ್ಕೆ ಒತ್ತುತ್ತದೆ. ಪಶ್ಚಾತ್ತಾಪ ಇರಬೇಕಾದ ಜಾಗವನ್ನು ಪಾಂಡಿತ್ಯ ಆಕ್ರಮಿಸಿಕೊಂಡಿರುವುದು ನನಗೆ ಕಾಣುವುದು ಅಲ್ಲಿ.

ಇಷ್ಟು ನೈತಿಕ ಭಾರವನ್ನು ಹಾಸ್ಯ ಹೊರಬಲ್ಲದೇ ಎಂದು ಕೇಳುವವರಿಗೆ ಉತ್ತರ ಲೇಖಕನೇ ಕೊಟ್ಟಿದ್ದಾನೆ. ಈ ಹಸ್ತಪ್ರತಿ ಮೂಲೆಯಲ್ಲಿದ್ದಾಗ ಡಿ ಸೆಲ್ಬಿಯನ್ನೂ ಸೈಕಲ್ ಸಿದ್ಧಾಂತವನ್ನೂ ಎತ್ತಿ 1964ರ 'ದಿ ಡಾಲ್ಕಿ ಆರ್ಕೈವ್'ಗೆ ಸೇರಿಸಿದ. ಹೆಚ್ಚುಕಡಿಮೆ ಅದೇ ಚೇಷ್ಟೆ, ಅದೇ ತರ್ಕ. ಮ್ಯಾಥರ್ಸ್‌ನ ಹೆಣವೊಂದಿಲ್ಲ, ಹಾಗಾಗಿ ಸಿದ್ಧಾಂತ ಬರೀ ಹರಟೆಯಾಗಿ ಸಪ್ಪೆಯಾಗಿದೆ.