ಮುಂಬಯಿಯ ಬಾಡಿಗೆಯೂ ‘ಶಿಕಾರಿ’ಯೂ

ಮಗನಿಗೆ ಮುಂಬಯಿಯಲ್ಲಿ ಕೆಲಸ ದೊರೆತಿದೆ. ಸಂಬಳ ಇಲ್ಲಿಯದಕ್ಕಿಂತ ಇಮ್ಮಡಿ. ಹೋಗುವುದೋ ಬೇಡವೋ? ನಮ್ಮ ಕರಾವಳಿಯ ಮನೆಗಳಿಗೆ ಈ ಪ್ರಶ್ನೆ ಹೊಸದಲ್ಲ. ಹಿರಿಯರು ಉಗಿಹಡಗು ಹತ್ತಿ ಹೋದರು, ಅನಂತರದವರು ಬಸ್ಸಿನಲ್ಲಿ ಹೋದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲಂತೂ ಹಾದಿ ಸುಗಮವಾಯಿತು, ನಿರ್ಧಾರ ಮಾತ್ರ ಸುಗಮವಾಗಲಿಲ್ಲ. ಪರಿಚಿತ ಕುಟುಂಬವೊಂದರಲ್ಲಿ ಈ ಚರ್ಚೆ ನಡೆದಾಗ ನಾನೂ ಅಲ್ಲಿದ್ದೆ. ತಂದೆಯವರು ಸಂಬಳ, ಬಾಡಿಗೆ, ಮುಂಗಡ, ಊರಿಗೆ ಕಳುಹಿಸಬೇಕಾದ ಹಣ ಎಲ್ಲವನ್ನೂ ಕಾಗದದಲ್ಲಿ ಬರೆದು ಕೂಡಿಸಿ ಕಳೆದರು. ಲೆಕ್ಕ ತಪ್ಪಿರಲಿಲ್ಲ. ಆದರೂ ಏನೋ ಬಿಟ್ಟುಹೋಗಿದೆಯೆಂದು ನನಗನ್ನಿಸಿತು. ಅದೇನೆಂದು ತಿಳಿದದ್ದು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಮತ್ತೊಮ್ಮೆ ಓದಿದಾಗ.

1979ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಮ್ಮ ವಿಮರ್ಶಕರು ಹೆಚ್ಚಾಗಿ ವ್ಯಕ್ತಿಯ ಅಸ್ತಿತ್ವದ ಶೋಧವೆಂದೇ ಓದಿದ್ದಾರೆ. ಆ ಓದು ಸರಿಯೇ. ಆದರೆ ವಲಸೆಯ ಹೊಸ್ತಿಲಲ್ಲಿ ನಿಂತ ಸಂಸಾರವೊಂದು ಇದನ್ನು ಹೇಗೆ ಓದಬೇಕು? ಹನೇಹಳ್ಳಿಯಿಂದ ಬಂದು ಮುಂಬಯಿಯ ಕಂಪನಿಯಲ್ಲಿ ಮೇಲಿನ ಹುದ್ದೆಗೇರಿದ ನಾಗಪ್ಪನನ್ನು ಒಂದು ದಿನ ಕೆಲಸದಿಂದ ಅಮಾನತುಗೊಳಿಸುತ್ತಾರೆ. ತನ್ನ ಅಪರಾಧವೇನೆಂಬುದೇ ಅವನಿಗೆ ಸ್ಪಷ್ಟವಿಲ್ಲ. ಅಲ್ಲಿಂದ ಮುಂದೆ ಊರೇ ಬದಲಾದಂತಾಗುತ್ತದೆ. ಯಾರ ಮಾತಿನಲ್ಲಿ ಯಾವ ಬಲೆಯಿದೆಯೋ ಎಂದು ಅವನು ನಡುಗುತ್ತಾನೆ. ಈ ನಡುಕದ ಬೇರು ಅವನ ಮನಸ್ಸಿನಲ್ಲಿ ಮಾತ್ರವಲ್ಲ, ಅವನ ಬದುಕಿನ ಕಟ್ಟಡದಲ್ಲಿಯೂ ಇದೆ: ಸ್ನೇಹ, ಮರ್ಯಾದೆ, ಹೊತ್ತು ಕಳೆಯುವ ಬಗೆ ಎಲ್ಲವೂ ನೌಕರಿಯೆಂಬ ಒಂದೇ ಕಂಬದ ಮೇಲೆ ನಿಂತಿದ್ದವು. ಊರಿನಲ್ಲಿ ಕೆಲಸ ಹೋದವನಿಗೆ ಕಷ್ಟ ಬರುತ್ತದೆ. ಆದರೆ ಮನೆಯ ಸೂರು ಉಳಿಯುತ್ತದೆ, ಹಿತ್ತಲ ತೆಂಗಿನಮರ ಉಳಿಯುತ್ತದೆ. ದುಬಾರಿ ಊರಿನಲ್ಲಿ ಸಂಬಳ ನಿಂತರೂ ತಿಂಗಳ ಬಾಡಿಗೆ ನಿಲ್ಲದು. ತಂದೆಯವರ ಕಾಗದದಲ್ಲಿ ಇಲ್ಲದಿದ್ದ ಸಾಲು ಇದೇ.

ಆದರೆ ‘ಶಿಕಾರಿ’ಯೂ ಪೂರ್ಣ ಲೆಕ್ಕ ಕೊಡುವುದಿಲ್ಲ. ನಾಗಪ್ಪ ಒಂಟಿ ಮನುಷ್ಯ. ಮಗುವಿನ ಶಾಲೆ, ಊರಿನಲ್ಲಿ ಉಳಿದ ವೃದ್ಧ ತಾಯಿ ಇಂಥ ಚಿಂತೆಗಳು ಅವನ ಭಯದಲ್ಲಿ ಬೆರೆಯುವುದಿಲ್ಲ. ಚಿತ್ತಾಲರ ದೃಷ್ಟಿ ನೆಲೆಸಿದ್ದು ಮನಸ್ಸಿನ ಮೇಲೆ, ಮನೆಯ ಮೇಲಲ್ಲ. ಮುಂಬಯಿಯ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಹಳೆಯ ಬಾಡಿಗೆದಾರರ ಬಾಡಿಗೆ ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಿತು. ಹೊಸದಾಗಿ ಬಂದವರು ‘ಪಗಡಿ’ ಎಂಬ ದೊಡ್ಡ ಮೊತ್ತವನ್ನು ಒಟ್ಟಿಗೆ ತೆತ್ತು ಕೋಣೆ ಹಿಡಿಯಬೇಕಾಗುತ್ತಿತ್ತು. ಅಷ್ಟು ಹಣ ಕೂಡುವವರೆಗೆ ಹೆಂಡತಿ ಮಕ್ಕಳು ಊರಿನಲ್ಲಿ, ಗಂಡ ಹತ್ತು ಜನರೊಡನೆ ಚಾಳಿನ ನೆಲದಲ್ಲಿ. ಎಷ್ಟು ದಾಂಪತ್ಯಗಳು ಹೀಗೆ ಅಂಚೆಯ ಮೇಲೆಯೇ ನಡೆದವು!

ಈ ಚಾಳಿನ ಬದುಕನ್ನು ಹತ್ತಿರದಿಂದ ಕಂಡವರು ಜಯಂತ ಕಾಯ್ಕಿಣಿ. ಅವರೂ ಗೋಕರ್ಣದಿಂದ ಮುಂಬಯಿಗೆ ಹೋಗಿ ನೌಕರಿ ಮಾಡಿದವರೇ. ಅವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಬಹುಮಾನ ದೊರೆಯಿತು. ಅವರಲ್ಲಿ ನಗರ ಬೇಟೆಗಾರನಲ್ಲ; ಅಪರಿಚಿತರೇ ಅಲ್ಲಿ ನೆಂಟರಾಗುತ್ತಾರೆ. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯಲ್ಲಿ ಬಡ ಜೋಡಿಯೊಂದು ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಾವೇ ಬರೆಯಲು ಹೊರಡುತ್ತದೆ. ಹಿಂದೆ ಕುಲವಿಲ್ಲ, ಮುಂದೆ ಆಸ್ತಿಯಿಲ್ಲ. ಆದರೂ ಅವರಿಗೆ ಅಲ್ಲೊಂದು ಬಾಳು ಸಾಧ್ಯ. ನಾಗಪ್ಪನಿಗೆ ಕಾಣಿಸದ ಈ ಮುಂಬಯಿಯೂ ನಿಜವೇ. ನನ್ನ ಆಕ್ಷೇಪ ಇಷ್ಟೇ: ಕಾಯ್ಕಿಣಿಯವರ ಕರುಣೆ ಕೆಲವೊಮ್ಮೆ ಇಕ್ಕಟ್ಟನ್ನೂ ಸುಂದರಗೊಳಿಸುತ್ತದೆ. ನೀರಿಗಾಗಿ ನಸುಕಿನಲ್ಲಿ ಕೊಡ ಹಿಡಿದು ನಿಂತವಳಿಗೆ ಅದು ಅಷ್ಟು ಸುಂದರವಾಗಿ ಕಂಡಿರಲಾರದು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಓದಿ ನಿರ್ಧರಿಸುವವರು ಮೋಸಹೋಗುತ್ತಾರೆಂದು ನನ್ನ ಭಾವನೆ. ಭಯವೊಂದರಿಂದಲೇ ಊರಲ್ಲಿ ಉಳಿದವರನ್ನೂ ನಾನು ಕಂಡಿದ್ದೇನೆ. ಅವರ ಲೆಕ್ಕವೂ ಸರಿಹೋಗಲಿಲ್ಲ.

ಆ ತಂದೆಯವರಿಗೆ ‘ಶಿಕಾರಿ’ಯನ್ನು ಓದಲು ಕೊಟ್ಟೆ. ನೂರು ಪುಟ ಓದಿ, “ಮಾಸ್ತರರೇ, ಇದನ್ನು ಓದಿದರೆ ನಿದ್ದೆ ಬರುವುದಿಲ್ಲ” ಎಂದು ಹಿಂದಿರುಗಿಸಿದರು. ಆದರೆ ಅವರ ಕಾಗದದಲ್ಲಿ ಆರು ತಿಂಗಳ ಬಾಡಿಗೆಯನ್ನು ಮೊದಲೇ ಕೂಡಿಡುವ ಸಾಲೊಂದು ಹೊಸದಾಗಿ ಸೇರಿತ್ತು. ಮಗ ಹೊರಡುವುದು ಅಷ್ಟರಮಟ್ಟಿಗೆ ಮುಂದೆ ಹೋಗಿದೆ.